‘ತಬರನ ಕಥೆ’: ಒಂದು ಸಣ್ಣಕತೆಯ ಚಿತ್ರರೂಪ

ಸಣ್ಣಕತೆಯನ್ನು ಚಿತ್ರಪಟವಾಗಿಸುವುದು ಸುಲಭಸಾಧ್ಯವಾದ ಕಾರ್ಯವಲ್ಲ. ಕತೆ ಕಿರಿದೆಂದು ಹಾಡು, ಕುಣಿತ, ಉಪಕಥೆಗಳನ್ನು ತುಂಬಿ ಹಿಗ್ಗಿಸುವವರು ಅನೇಕರು. ಹಾಗೆ ಹಿಗ್ಗಿಸುವಲ್ಲಿ ಕತೆಯ ಜೀವವೇ ಹಾರಿಹೋಗುವುದುಂಟು. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕತೆ’ಯನ್ನು ಗಿರೀಶ ಕಾಸರವಳ್ಳಿಯವರು ಈ ಅಪಾಯದಿಂದ ಪಾರುಗಾಣಿಸಿರುವರು. ೧೯೭೩ರ ‘ಅಬಚೂರಿನ ಪೋಸ್ಟಾಫೀಸು’ ಸಂಗ್ರಹದ ಈ ಕತೆಯ ಚಿತ್ರರೂಪಕ್ಕೆ ೧೯೮೬ನೆಯ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ತಬರನ ಪಾತ್ರ ವಹಿಸಿದ ಚಾರುಹಾಸನರಿಗೆ ಶ್ರೇಷ್ಠ ನಟನ ಪ್ರಶಸ್ತಿಯೂ ಸಂದವು.

ಕಥಾವಸ್ತು ಸರಳವಾದುದು. ತಬರಶೆಟ್ಟಿ ಆಂಗ್ಲರ ಕಾಲದಿಂದಲೂ ಸರಕಾರವನ್ನು ನಂಬಿ ದುಡಿದ ಬಡ ನೌಕರ. ಕಾಫಿ ಬೆಳೆಗಾರರ ಸುಂಕದ ವಸೂಲಿಯಲ್ಲಿ ತೊಡಕಿಗೆ ಸಿಕ್ಕಿದ್ದರಿಂದ ಅವನ ಪೆನ್ಶನ್ನು ತಡೆಯುತ್ತದೆ. ಇತ್ತ ಹೆಂಡತಿ ಅಪ್ಪಿಗೆ ಸಿಹಿಮೂತ್ರದ ಬೇನೆ; ಕಾಲಿನ ಗಾಯ ಕೊಳೆಯುತ್ತ ಮೇಲೇರುತ್ತದೆ. ಕಾಲು ಕತ್ತರಿಸಲು ಹಣ ಬೇಕು. ಹಣ ಬರಲು ಕಾಗದ ಸರಿಯಬೇಕು. ಕಾಗದ ಕದಲುವುದಿಲ್ಲ, ಹುಣ್ಣು ನಿಲ್ಲುವುದಿಲ್ಲ. ಈ ಎರಡು ಗತಿಗಳ ವೈಷಮ್ಯದಲ್ಲಿಯೇ ಚಿತ್ರದ ಕರುಣರಸವೆಲ್ಲ ಹುಟ್ಟುತ್ತದೆ.

ಇಲ್ಲಿ ಖಳನೆಂಬವನಿಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಮೇಜಿನಷ್ಟು ನಿಯಮವನ್ನು ಪಾಲಿಸುವವನೇ. ದೂಷಿಸಲು ಮುಖವೊಂದು ದೊರೆತಿದ್ದರೆ ಪ್ರೇಕ್ಷಕನಿಗೆ ಸಮಾಧಾನವಾಗುತ್ತಿತ್ತು. ನಿರ್ದೇಶಕರು ಆ ಸಮಾಧಾನವನ್ನು ಕೊಡುವುದಿಲ್ಲ. ಕೊನೆಗೆ ತಬರ, ಹೆಂಡತಿಯ ಕಾಲನ್ನು ಕಡಿದುಕೊಡೆಂದು ಕಸಾಯಿಯವನನ್ನು ಬೇಡುವಾಗ ಎದೆ ನಡುಗುತ್ತದೆ. ಆ ಬೇಡಿಕೆಯಲ್ಲಿ ಕ್ರೌರ್ಯದ ಲೇಶವೂ ಇಲ್ಲ. ಅದು ಪ್ರೀತಿಗೆ ಉಳಿದ ಕಟ್ಟಕಡೆಯ ದಾರಿ.

ತೇಜಸ್ವಿಯವರ ನಿರೂಪಣೆಯ ವಿನೋದದ ಮೊನೆ ಚಿತ್ರದಲ್ಲಿ ಮೊಂಡಾಯಿತೆಂದು ಆಕ್ಷೇಪಿಸುವವರು ಇರಬಹುದು. ಆ ಮಾತು ನಿರಾಧಾರವಲ್ಲ. ಆದರೆ ಓದುವಾಗ ತಬರನನ್ನು ಕಂಡು ಮುಗುಳ್ನಗಬಲ್ಲವನೂ ಚಾರುಹಾಸನರ ಬಳಲಿದ ಮುಖದೆದುರು ನಗಲಾರನು. ಕತೆಗೆ ನಿರೂಪಕನ ದನಿ ಹೇಗೋ ಚಿತ್ರಕ್ಕೆ ಆ ಮುಖವು ಹಾಗೆ. ಮಾಧ್ಯಮ ಬದಲಾದಲ್ಲಿ ರಸವೂ ಕೊಂಚ ಬದಲಾಗುವುದು ಔಚಿತ್ಯವೇ ಸರಿ.

ಇದು ದೂರದ ಮಲೆನಾಡಿನ ಸುದ್ದಿಯೆಂದು ಸವಣೂರಿನ ಪ್ರೇಕ್ಷಕರಿಗೆ ತೋರಲಾರದು. ನವಾಬರ ಈ ಸಂಸ್ಥಾನ ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ೧೯೫೬ರಲ್ಲಿ ಊರು ಮೈಸೂರು ರಾಜ್ಯಕ್ಕೂ, ೧೯೯೭ರಲ್ಲಿ ಹಾವೇರಿ ಜಿಲ್ಲೆಗೂ ಸೇರಿತು. ಕಚೇರಿಯ ಹಲಗೆಗಳು ಬದಲಾದವು. ಅರ್ಜಿ ಹಿಡಿದು ಕಟ್ಟೆಯ ಮೇಲೆ ಕುಳಿತ ಮುದುಕ ಬದಲಾದನೆ? ಸ್ವರಾಜ್ಯವು ಬಂದರೂ ತನ್ನ ಬಾಗಿಲಿಗೆ ಬಾರದುದನ್ನು ಕಂಡ ತಬರನ ಬುದ್ಧಿಭ್ರಮಣೆ ಕೇಳುವ ಪ್ರಶ್ನೆಯೂ ಇದೇ.

ಕತೆಯನ್ನೋದಿ ಚಿತ್ರವನ್ನು ನೋಡಬೇಕು. ನೋಡಿದ ಮೇಲೆ ಮತ್ತೊಮ್ಮೆ ಕತೆಯನ್ನೋದಬೇಕು. ಎರಡೂ ಒಂದನ್ನೊಂದು ಬೆಳಗುವವು.