ಏರುದನಿಯ ಸುಬ್ಬಣ್ಣ

ಸುಗಮ ಸಂಗೀತದ ಗಾಯಕ ಶಿವಮೊಗ್ಗ ಸುಬ್ಬಣ್ಣನವರ ಬಗ್ಗೆ ಬಂದ ಬರಹಗಳೆಲ್ಲ ಪ್ರಶಸ್ತಿಯಿಂದ ಶುರುವಾಗಿ ಪ್ರಶಸ್ತಿಯಲ್ಲೇ ಮುಗಿಯುತ್ತವೆ. ‘ಕಾಡು ಕುದುರೆ’ ಚಿತ್ರದ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಕನ್ನಡ ಹಾಡಿಗೆ ಆ ಗೌರವ ತಂದ ಮೊದಲ ಗಾಯಕ ಅವರೇ. ಸರಿ, ಆ ಹಾಡಿನಲ್ಲಿ ಅವರು ಮಾಡಿದ್ದೇನು?

ಸಾಹಿತ್ಯ, ಸಂಗೀತ, ನಿರ್ದೇಶನ ಮೂರೂ ಚಂದ್ರಶೇಖರ ಕಂಬಾರರದು. ಧಾಟಿ ಉತ್ತರ ಕರ್ನಾಟಕದ್ದು. ಹಾಡಿದವರೋ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ತಾತನಿಂದ ಸಂಗೀತ ಹೇಳಿಸಿಕೊಂಡು, ಕರಿಕೋಟು ತೊಟ್ಟ ಮಲೆನಾಡಿನ ವಕೀಲರು. ಇಂಥವರು ಜಾನಪದ ಹಾಡಲು ಹೊರಟರೆ ಸಾಮಾನ್ಯವಾಗಿ ರಾಗ ಇಣುಕಿಬಿಡುತ್ತದೆ. ಸುಬ್ಬಣ್ಣ ಆ ಆಸೆಗೆ ಬೀಳಲಿಲ್ಲ. ಸಾಲಿನ ಕೊನೆಯ ದೀರ್ಘವನ್ನು ಕೊಂಕು ಕುಣಿಕೆಯಿಲ್ಲದೆ ಎಳೆದು, ಮೇಲೆಯೇ ನಿಲ್ಲಿಸಿ, ಅಲ್ಲಿಂದ ಮುಂದಿನ ಸಾಲಿಗೆ ಧುಮುಕುತ್ತಾರೆ. ಕುದುರೆಯ ವೇಗ ಕಾಣುವುದು ತಾಳವಾದ್ಯಕ್ಕಿಂತ ಹೆಚ್ಚಾಗಿ ಆ ಉಸಿರಿನಲ್ಲಿ. ಅಷ್ಟು ಎತ್ತರದಲ್ಲೂ ಒಂದಕ್ಷರ ನುಂಗುವುದಿಲ್ಲ.

ಇದೇ ಅವರ ಶಕ್ತಿ. ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ ಗೀತೆ ಸಭೆಗಳಲ್ಲಿ ಇಂದಿಗೂ ಅವರ ಗಂಟಲಲ್ಲೇ ಕೇಳಿಸುವುದಕ್ಕೆ ಕಾರಣವೂ ಇದೇ. ಕರೆಯುವ, ಎಚ್ಚರಿಸುವ, ಸಾವಿರ ಜನರ ಎದುರು ನಿಲ್ಲುವ ಪದ್ಯ ಸಿಕ್ಕರೆ ಆ ಕಂಠಕ್ಕೆ ಸಾಟಿಯಿಲ್ಲ. ಪಿಸುಮಾತಿನ ಪದ್ಯ ಸಿಕ್ಕಾಗ ಅದೇ ಏರುದನಿ ಅಡ್ಡ ಬರುತ್ತದೆ. ಮನೆಯೊಳಗಿನ ಮಾತನ್ನು ಅಂಗಳದಿಂದ ಹೇಳಿದ ಹಾಗೆ. ಅಭಿಮಾನಿಗಳು ಒಪ್ಪಲಿಕ್ಕಿಲ್ಲ, ಇರಲಿ. ಇದೇ ಕ್ಷೇತ್ರದ ಗಾಯಕ ಮೈಸೂರು ಅನಂತಸ್ವಾಮಿಯವರ ದನಿಯಲ್ಲಿದ್ದ ತಗ್ಗು ಇವರಲ್ಲಿ ಕಡಿಮೆ. ಶಿಶುನಾಳ ಶರೀಫರ ತತ್ವಪದಗಳಲ್ಲಿ ಗಾಯಕ ಸಿ. ಅಶ್ವತ್ಥರ ಒರಟು, ಸುಬ್ಬಣ್ಣನವರ ತಿಳಿ ಎರಡೂ ಅಕ್ಕಪಕ್ಕ ನಿಂತಾಗ ಮಾತ್ರ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು.

ಕ್ಯಾಸೆಟ್ಟು ಈ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿತು, ನಿಜ. ಬಹಳಷ್ಟು ಕಡೆ ಪ್ರತಿ ಚರಣದ ನಡುವೆ ಕೀಬೋರ್ಡು, ಪಿಟೀಲುಗಳ ಸಿದ್ಧ ತುಣುಕು ತುರುಕಿ ಕವಿತೆಯ ಓಟವನ್ನೂ ಕಡಿಯಿತು.

ಗಾಯಕರ ದನಿಯನ್ನು ತೂಗಿ ನೋಡಲು ಧ್ವನಿಮುದ್ರಣಗಳು ಕಾಲಕ್ರಮದಲ್ಲಿ ಸಿಗಬೇಕು. ಸ್ವೀಡನ್ನಿನ ಎಸ್ಕಿಲ್‌ಸ್ಟೂನ ನಮ್ಮ ಭದ್ರಾವತಿಯಂತೆಯೇ ಉಕ್ಕಿನ ಹೆಸರಿರುವ ಊರು. ಅಲ್ಲಿನ ‘ಕೆಂಟ್’ ಎಂಬ ರಾಕ್ ತಂಡ ಎರಡು ಆಲ್ಬಂಗಳನ್ನು ಇಂಗ್ಲಿಷಿನಲ್ಲೂ ಹೊರತಂದು ನೋಡಿ, ಮತ್ತೆ ತನ್ನ ನುಡಿಯೊಂದಕ್ಕೇ ಮರಳಿತು. 1995ರಿಂದ 2016ರವರೆಗಿನ ಅದರ 12 ಆಲ್ಬಂಗಳನ್ನು ವರ್ಷವಾರು ಜೋಡಿಸಿಕೊಂಡು ಕೇಳಬಹುದು. ದನಿ ಎಲ್ಲಿ ಮಾಗಿತು, ಎಲ್ಲಿ ಸವೆಯಿತು ಎಂದು ಹೇಳಬಹುದು. ಸುಬ್ಬಣ್ಣನವರ ವಿಷಯದಲ್ಲಿ ಅಂಥ ವಿಮರ್ಶೆಗೆ ದಾರಿಯೇ ಇಲ್ಲ. ಒಂದೇ ಗೀತೆ ನಾಲ್ಕಾರು ಸಂಕಲನಗಳಲ್ಲಿ ಸಿಗುತ್ತದೆ; ಯಾವ ವರ್ಷದ ಧ್ವನಿಮುದ್ರಣ, ವಾದ್ಯ ನುಡಿಸಿದವರು ಯಾರು ಎಂಬುದು ಕ್ಯಾಸೆಟ್ಟಿನ ಹೊದಿಕೆಯ ಮೇಲಿರುವುದು ಅಪರೂಪ.

2022ರ ಆಗಸ್ಟ್ 11ರಂದು, 83ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿಗೇನೂ ಬರವಿರಲಿಲ್ಲ. ಈಗ ಬೇಕಾದದ್ದು ಪಟ್ಟಿ. ಭದ್ರಾವತಿಯಲ್ಲಿ ಆಕಾಶವಾಣಿ ಇದೆ, ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಎರಡೂ ಕೂತು ಈ ಗಾಯಕನ ಧ್ವನಿಮುದ್ರಣಗಳ ವರ್ಷವಾರು ಸೂಚಿಯೊಂದನ್ನು ತಯಾರಿಸಲಿ. ಹಳೆಯ ಕ್ಯಾಸೆಟ್ಟು ಇಟ್ಟುಕೊಂಡವರು ಅದರ ಹೊದಿಕೆಯನ್ನು ಮಾತ್ರ ಎಸೆಯಬೇಡಿ.