ಚೀಲ ಹೊರುವ ಶಿಷ್ಯರು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಕೇರಿಗಳಲ್ಲಿ, ಕ್ಯಾಂಪುಗಳಲ್ಲಿ ನಡೆಯುವ ಪ್ರಾರ್ಥನಾ ಕೂಟಗಳಿಗೆ ಹೋದರೆ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: ಶಿಷ್ಯತ್ವ. ಶಿಷ್ಯತ್ವದ ಪಾಠ, ಶಿಷ್ಯತ್ವದ ಶಿಬಿರ, ಕಡೆಗೊಂದು ಸರ್ಟಿಫಿಕೇಟು. ಸಭೆಗೆ ನಾಯಕರು ಬೇಕು, ನಾಯಕನಾಗುವವನು ಮೊದಲು ಶಿಷ್ಯನಾಗಬೇಕು ಎಂಬುದು ಇದರ ತರ್ಕ. ತರ್ಕದ ಮೇಲೆ ನಮ್ಮ ತಕರಾರಿಲ್ಲ. ಈ ಶಿಷ್ಯತ್ವ ಎಂಥ ಮನುಷ್ಯನನ್ನು ತಯಾರು ಮಾಡಿ ಕೇರಿಗೆ ಕಳಿಸುತ್ತಿದೆ ಎಂಬುದು ನಮ್ಮ ಪ್ರಶ್ನೆ. ನಾವು ಆ ಸಭೆಗಳ ಸದಸ್ಯರಲ್ಲ. ಆದರೆ ಅಲ್ಲಿ ಚಾಪೆ ಮೇಲೆ ಕೂತವರು ನಮ್ಮ ಚಿಗವ್ವ, ನಮ್ಮ ಮಾವ, ನಮ್ಮ ಜೊತೆ ಸಾಲಿ ಕಲಿತವರು. ಹಾಗಾಗಿ ಕೇಳುವ ಹಕ್ಕು ನಮಗಿದೆ.

ಕೈಗೆ ಸಿಕ್ಕ ಪಾಠದ ಪುಸ್ತಿಕೆಗಳನ್ನು ಓದಿ ನೋಡಿದೆವು. ಇಂಗ್ಲಿಷಿನಿಂದ ತೆಲುಗಿಗೆ ಇಳಿದು, ತೆಲುಗಿನಿಂದ ಕನ್ನಡಕ್ಕೆ ಜಾರಿಬಿದ್ದ ಭಾಷೆ. ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಗಳು. 'ನಾಯಕನು' ಎಂದು ಬರೆದು ಮುಂದೆ ಗೆರೆ ಎಳೆದಿರುತ್ತಾರೆ. ಆ ಗೆರೆಯ ಮೇಲೆ ತುಂಬಬೇಕಾದದ್ದು 'ವಿಧೇಯನು' ಅಥವಾ 'ನಂಬಿಗಸ್ತನು'. ಸಂಜೆ ಏಳಕ್ಕ ಮನಿ ಮಂದಿ ಎಲ್ಲಾ ಮೇಜಿನ ಸುತ್ತ ಕೂತು ಪ್ರಾರ್ಥನಾ ಮಾಡ್ರಿ ಅಂತ ಬರ್ದಾರ. ಮೇಜು ಎಲ್ಲೈತಿ? ನಾಟಿ ಟೈಮಿನ್ಯಾಗ ಏಳು ಹೊಡದ್ರೂ ಹೆಣ್ಮಕ್ಕಳು ಗದ್ದಿಯಿಂದ ಮನಿ ಮುಟ್ಟಿರಂಗಿಲ್ಲ. ಆ ಪುಸ್ತಿಕೆಗಳಲ್ಲಿ ಕೂಲಿ ಎಂಬ ಶಬ್ದವಿಲ್ಲ. ಕೇರಿ ಎಂಬ ಶಬ್ದವಿಲ್ಲ. ಹೊಟೇಲಿನ ಬೇರೆ ಲೋಟ ಇಲ್ಲ, ಹೆಣ ಹೂಳುವ ಜಾಗದ ಜಗಳ ಇಲ್ಲ. ಓದುವವನ ಜಾತಿಯನ್ನು ಪುಸ್ತಿಕೆ ಕೇಳುವುದೇ ಇಲ್ಲ. ಇದನ್ನು ಔದಾರ್ಯ ಎನ್ನುತ್ತಾರೆ. ನಮಗೆ ಇದು ಬಾಯಿ ಕಟ್ಟುವ ಕೆಲಸದಂತೆ ಕಾಣುತ್ತದೆ.

ಇನ್ನು ಶಿಷ್ಯನ ದಿನಚರಿ. ಬೋಧಕರು ಮೋಟಾರಿನಿಂದ ಇಳಿದರೆ ಚೀಲ ತೆಗೆದುಕೊಳ್ಳುವುದು, ಮೈಕು ಹಚ್ಚುವುದು, ಜಮಖಾನ ಹಾಸುವುದು, ಹಾರ್ಮೋನಿಯಂ ಹೊರುವುದು. ಹತ್ತು ವರ್ಷ ಹೀಗೆ ದುಡಿದವನನ್ನು 'ಒಳ್ಳೇ ಶಿಷ್ಯ' ಅಂತಾರ. ಗೌಡನ ಮನೆಯ ಜೀತದಾಳನ್ನೂ ಒಳ್ಳೇ ಆಳು ಎಂದೇ ಅನ್ನುತ್ತಿದ್ದರಲ್ಲ!

ಆದರೆ ಸುವಾರ್ತೆ ಹೇಳುವ ಶಿಷ್ಯತ್ವವೇ ಬೇರೆ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಗುರುವೇ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ಪೇತ್ರ ಬೇಡವೆಂದು ವಾದ ಮಾಡುತ್ತಾನೆ. ಶಿಷ್ಯ ಗುರುವಿನ ಜತೆ ವಾದಕ್ಕಿಳಿಯುವ ಜಾಗ ಅದು. ಅಪೊಸ್ತಲರ ಕೃತ್ಯಗಳಲ್ಲಿ ಇನ್ನೂ ದೊಡ್ಡ ಸಂಗತಿಯಿದೆ. ಯೊಪ್ಪ ಎಂಬ ಊರಿನಲ್ಲಿ ಪೇತ್ರ ಬಹಳ ದಿನ ಉಳಿದದ್ದು ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ. ಸತ್ತ ದನದ ತೊಗಲು ಮುಟ್ಟುವ ಕಸುಬು ಯೆಹೂದ್ಯರಿಗೂ ಮೈಲಿಗೆಯದೇ. ಆ ಮನೆಯ ಮಾಳಿಗೆ ಮೇಲೆ ಪೇತ್ರನಿಗೆ ಯಾರನ್ನೂ ಹೊಲೆಯೆನ್ನಬಾರದು ಎಂಬ ತಿಳಿವು ಬಂತು. ಅಲ್ಲಿಂದಲೇ ಅವನು ರೋಮಿನ ಶತಾಧಿಪತಿ ಕೊರ್ನೇಲ್ಯನ ಮನೆಗೆ ನಡೆದ. ಸಭೆ ಯೆಹೂದ್ಯರ ಎಲ್ಲೆ ದಾಟಿದ್ದು ತೊಗಲಿನ ನಾತದ ಮನೆಯಿಂದ. ಮಾದಿಗರ ಕೇರಿಯಲ್ಲಿ ಹಂಚುವ ಪುಸ್ತಿಕೆಗಳಲ್ಲಿ ಮೊದಲ ಪಾಠ ಆಗಬೇಕಾದವನು ಈ ಸೀಮೋನ. ನಾವು ನೋಡಿದ ಒಂದರಲ್ಲೂ ಅವನ ಹೆಸರಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ, ನಡೆದ ಚರಿತ್ರೆಯೂ ಇದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನ ಹಿಂದೆ ಆಂಧ್ರದ ರೈತರು ನಮ್ಮ ಕಡೆ ಬಂದು ಕ್ಯಾಂಪು ಕಟ್ಟಿದರು. ಅವರ ಜತೆ ಬಂದ ಕೂಲಿ ಮಂದಿಯ ಪ್ರಾರ್ಥನೆಯೂ ಬಂತು. ಆ ಪ್ರಾರ್ಥನೆಯ ಹಿಂದಿನ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಒಂಗೋಲು ಸೀಮೆಯ ಎರ್ರಗುಂಟ್ಲ ಪೇರಯ್ಯ ತೊಗಲಿನ ವ್ಯಾಪಾರ ಮಾಡುತ್ತಿದ್ದ ಮಾದಿಗ. ವೀರಮ್ಮ ಎಂಬ ಹೆಣ್ಣು ಗುರುವಿನ ಹತ್ತಿರ ಯೋಗ ಕಲಿತವನು. 1866ರಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನರಿ ಜಾನ್ ಕ್ಲಫ್‌ನ ಕೈಯಲ್ಲಿ ದೀಕ್ಷಾಸ್ನಾನ ಪಡೆದ. ಅಂದರೆ ಪೇರಯ್ಯ ಖಾಲಿ ಕೊಡವಾಗಿ ಹೋಗಲಿಲ್ಲ, ತನ್ನ ಮಂದಿಯಲ್ಲಿ ಮೊದಲೇ ಹಿರಿಯನಾಗಿ ಹೋದ. ಅಲ್ಲಿ ಸೇರಿದವರಿಗೆ ಹಾಕಿದ ಕಟ್ಟಳೆ ಮೂರು: ಭಾನುವಾರ ದುಡಿಯಬಾರದು, ಸತ್ತ ದನ ತಿನ್ನಬಾರದು, ವಿಗ್ರಹ ಪೂಜೆ ಮಾಡಬಾರದು. ಮೇಲ್ನೋಟಕ್ಕೆ ಭಕ್ತಿಯ ಕಟ್ಟಳೆಗಳು. ಭಾನುವಾರ ಬಿಟ್ಟಿ ನಿಂತಾಗ, ಜಾತ್ರೆಯಲ್ಲಿ ಹಲಗೆ ನಿಂತಾಗ ಊರ ಯಜಮಾನರಿಗೆ ಅದರ ಅರ್ಥ ತಿಳಿಯಿತು. ಕಾಟ ಶುರುವಾಯಿತು. 1876-78ರ ಬರದಲ್ಲಿ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲಸ ಹಿಡಿದು ಕೂಲಿ ಕೊಟ್ಟ, ಕೂಳಿಗಾಗಿ ಬಂದರೆನ್ನಬಾರದೆಂದು ಅಷ್ಟು ದಿನ ದೀಕ್ಷೆ ಕೊಡಲಿಲ್ಲ. ಬಳಿಕ 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನವಾಯಿತು. ನೀರಿಗಿಳಿಸಿದವರು ಅದೇ ನೆಲದ ಆರು ಮಂದಿ ಬೋಧಕರು. ನಮ್ಮಂಥ ಕೇರಿಗಳಿಂದ ನಾಯಕರು ಹೀಗೆ ಎದ್ದದ್ದುಂಟು, ಜಗಳದ ನಡುವೆ ಎದ್ದರು, ಸರ್ಟಿಫಿಕೇಟಿನಿಂದ ಅಲ್ಲ.

ನಮ್ಮ ಜಿಲ್ಲೆಯಲ್ಲೇ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಷ್ಟು ಹಳೆಯ ಕ್ಯಾಥೊಲಿಕ್ ಸಭೆಯಿದೆ. ಅಷ್ಟು ಹಳೆಯ ಸಭೆಯಿರುವ ಸೀಮೆಯಲ್ಲೂ ಇವತ್ತಿಗೆ ಪಾಠ ಹೊರಗಿನಿಂದ ಬರಬೇಕು, ನಮ್ಮವರು ಕೇಳುತ್ತ ಕೂರಬೇಕು ಎಂದರೆ ಏನರ್ಥ? ನಿಜಾಮರ ರಾಜ್ಯದ ದೋರ್ನಕಲ್ಲಿಗೆ 1912ರಲ್ಲಿ ವಿ. ಎಸ್. ಅಜರಯ್ಯ ಬಿಷಪ್ಪರಾದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅದಕ್ಕೆ ಎರಡು ವರ್ಷ ಮುಂಚೆ ಎಡಿನ್‌ಬರೋದಲ್ಲಿ ನಿಂತು, ನಿಮ್ಮ ದುಡ್ಡು ತ್ಯಾಗ ಎಲ್ಲಾ ಬಂತು, ಸ್ನೇಹ ಬರಲಿಲ್ಲ ಎಂಬರ್ಥದ ಮಾತನ್ನು ಬಿಳಿಯರ ಮುಖಕ್ಕೇ ಹೇಳಿದ್ದರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರವೆಂಬುದೇ ಹುಟ್ಟಿತು. ಅದು ಇಂಗ್ಲಿಷಿನಲ್ಲಿ ಬೆಳೆಯಿತು. ಸಿಂಧನೂರಿನ ಮೋಟಾರು ಹತ್ತಲಿಲ್ಲ.

ಗುರು-ಶಿಷ್ಯ ಎಂಬುದು ನಮ್ಮ ಸೀಮೆಗೆ ಹೊಸ ಮಾತೂ ಅಲ್ಲ. ಕಡಕೋಳ ಮಡಿವಾಳಪ್ಪನ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಬ ಇದ್ದ. ಅವನು ಗುರುವಿನ ಪದ ಹಾಡಿಕೊಂಡು ಕೂಡಲಿಲ್ಲ, ತನ್ನವೇ ಪದ ಕಟ್ಟಿದ. ಅಂಬೇಡ್ಕರ್ ಬುದ್ಧ, ಕಬೀರ, ಫುಲೆ ಮೂವರನ್ನು ಗುರುಗಳೆಂದರು. ಮೂವರಲ್ಲಿ ಒಬ್ಬರನ್ನೂ ಕಣ್ಣಾರೆ ಕಂಡವರಲ್ಲ. ಚೀಲ ಹೊರುವ ಪ್ರಶ್ನೆಯೇ ಬರಲಿಲ್ಲ.

ಈಗ ಕಾನೂನಿನ ಮಾತಿಗೆ ಬರೋಣ, ಯಾಕೆಂದರೆ ಬಾಯಿ ಕಟ್ಟಿರುವುದರಲ್ಲಿ ಪುಸ್ತಿಕೆಯ ಪಾಲು ಅರ್ಧ ಮಾತ್ರ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಕಂಡಿಕೆ ಹಿಂದೂ ಅಲ್ಲದವನನ್ನು ಪರಿಶಿಷ್ಟ ಜಾತಿಯವನೆಂದು ಒಪ್ಪುವುದಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತಗೊಂಡರು. ಕ್ರೈಸ್ತನಾದ ದಲಿತನನ್ನು ಹೊರಗೇ ಬಿಟ್ಟರು. ಸೂಸೈ ಎಂಬ ಚಪ್ಪಲಿ ಹೊಲಿಯುವವನು ಸರಕಾರ ಕೊಡುವ ಗೂಡಂಗಡಿಗಾಗಿ ಸುಪ್ರೀಂ ಕೋರ್ಟಿಗೆ ಹೋದ, 1985ರಲ್ಲಿ ಅವನ ಅರ್ಜಿ ಬಿದ್ದುಹೋಯಿತು. ಮತ ಬದಲಾದರೂ ಜಾತಿಯ ಕಷ್ಟ ಅಷ್ಟೇ ಉಳಿದಿದೆ ಎಂದು ತೋರಿಸಲಿಲ್ಲವಂತೆ! ಕೈಯಲ್ಲಿದ್ದ ಹೊಲಿಯುವ ದಬ್ಬಳ ಸಾಲಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ತಡೆ ತೆಗೆಯಿರಿ ಎಂದಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಎಂದು ಇನ್ನೊಂದನ್ನು ಕೂಡಿಸಿದರು.

ಇದರ ಫಲ ನಮ್ಮ ಮೂರು ತಾಲೂಕುಗಳಲ್ಲೇ ನೋಡಬಹುದು. ಲಿಂಗಸುಗೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಕ್ರೈಸ್ತನಾದ ಮಾದಿಗ ಆ ಮೀಸಲಿನಲ್ಲಿ ನಿಲ್ಲುವಂತಿಲ್ಲ. ಪಕ್ಕದ ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಪಂಗಡಗಳ ಆದೇಶದಲ್ಲಿ ಮತದ ಷರತ್ತೇ ಇಲ್ಲ. ನಾಯಕ ಸಮುದಾಯದವನು ಕ್ರೈಸ್ತನಾದರೂ ನಿಲ್ಲಬಹುದು. ಅದೇ ಯೇಸು, ಅದೇ ನೀರು, ತಾಲೂಕಿನ ಗಡಿ ದಾಟಿದರೆ ಬೇರೆ ನ್ಯಾಯ. ಹೀಗಾಗಿ ನಮ್ಮ ಕೇರಿಯಲ್ಲಿ ಎಷ್ಟೋ ಮಂದಿಗೆ ಎರಡು ಹೆಸರು, ದಾಖಲೆಯಲ್ಲಿ ಒಂದು, ಪ್ರಾರ್ಥನೆಯಲ್ಲಿ ಇನ್ನೊಂದು. ಇವರಿಗೆ ಹಿರಿಯನಾಗುವವನು ತಹಶೀಲ್ದಾರ್ ಕಚೇರಿಯಲ್ಲಿ ತನ್ನ ಮಂದಿಯ ಪರ ಬಾಯಿ ಬಿಡಬೇಕಾದರೆ ಮೊದಲು ತಾನು ಯಾರೆಂದು ಹೇಳಬೇಕಲ್ಲ? ಅದನ್ನೇ ಹೇಳಲಾರ. ಮೂರು ದಿನದ ಶಿಬಿರದಲ್ಲಿ ಇದಕ್ಕೆ ಒಂದು ತಾಸೂ ಇಲ್ಲ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ, 1915ರಲ್ಲಿ ಬೆಳಕಿಗೆ ಬಂದದ್ದು. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಆ ಮೇಲಿನದನ್ನು ಮುಟ್ಟಬಲ್ಲ, ಇದನ್ನು ಇಬ್ಬರಿಗೂ ಹೇಳಿರಿ ಎಂಬ ಅರ್ಥ ಅದರಲ್ಲಿದೆ. ಕಲ್ಲಿಗೆ ತಿಳಿದದ್ದು ಪುಸ್ತಿಕೆಗೆ ತಿಳಿಯಬೇಡವೇ?

ಕೊನೆಗೆ ಹೆಣ್ಣುಮಕ್ಕಳ ವಿಷಯ. ನಾವು ಕಂಡ ಕೂಟಗಳಲ್ಲಿ ಚಾಪೆ ತುಂಬ ಅವರೇ. ಜಡ್ಡಾದವರ ಮನೆಗೆ ಹೋಗಿ ಕೂಡುವವರು, ಹಾಡು ಎತ್ತುವವರು, ಹಿಡಿ ಅಕ್ಕಿ ಕೂಡಿಸುವವರು ಅವರು. ಹೊಸಬರನ್ನು ಕರೆತರುವವರೂ ಅವರೇ. ಶಿಷ್ಯತ್ವ ಎಂದರೆ ಇದಲ್ಲದೆ ಮತ್ತೇನು? ಆದರೆ ಸಭೆಯ ಹಿರಿಯರ ಪಟ್ಟಿ ಓದಿದಾಗ ಗಂಡಸರ ಹೆಸರುಗಳೇ ಬರುತ್ತವೆ. ಪೇರಯ್ಯನಿಗೆ ಗುರುವಾದವಳು ವೀರಮ್ಮ ಎಂದು ಮೇಲೆ ಬರೆದೆವು. ಅಂಥ ಒಬ್ಬಾಕೆ ಕೇರಿಯ ಕೂಟವನ್ನು ವರ್ಷಗಟ್ಟಲೆ ನಡೆಸ್ಯಾಳ, ಲೆಕ್ಕದ ಪುಸ್ತಕಕ್ಕ ಮಾತ್ರ ಸಹಿ ಹಾಕಂಗಿಲ್ಲ. ಮುಂದಿನ ಪಾಠದ ಪುಸ್ತಿಕೆಯನ್ನು ಆಕೆಯ ಬಾಯಿಂದ ಕೇಳಿ, ಆಕೆಯ ಮಾತಿನಲ್ಲೇ ಬರೆಯಿರಿ. ಮೊದಲ ಪುಟದಲ್ಲಿ ಕೂಲಿ ಬರಲಿ, ಎರಡನೆಯದರಲ್ಲಿ ಹೆಣ ಹೂಳುವ ಜಾಗ ಬರಲಿ. ಬಿಟ್ಟ ಸ್ಥಳಗಳನ್ನು ಆಕೆಯೇ ತುಂಬುತ್ತಾಳೆ.