ಮೂರ್ತಿಯವರ ಕನ್ನಡಿ

1959ರ ‘ಕಾಗಜ್ ಕೆ ಫೂಲ್’ ಚಿತ್ರದ ‘ವಕ್ತ್ ನೆ ಕಿಯಾ’ ಹಾಡಿನಲ್ಲಿ ಖಾಲಿ ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಬೆಳಕಿನ ಕೋಲೊಂದು ಇಳಿಯುತ್ತದೆ. ಅಲ್ಲಿ ಗುರುದತ್, ವಹೀದಾ ರೆಹಮಾನ್ ಇಬ್ಬರೇ. ಕ್ಯಾಮೆರಾ ಮುಟ್ಟಿಯೂ ನೋಡದವರಿಗೂ ಅದು ಚೆಂದವೇ. ಆದರೆ ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ, ಬಿಸಿಲಿನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿಯೇ ಬರುತ್ತವೆ ಎಂದು ಬಲ್ಲವರಿಗೆ ಅಲ್ಲೊಂದು ಬೆರಗು ಕಾದಿದೆ: ಸ್ಟುಡಿಯೋ ಒಳಗೆ ಇಂಥ ಬೆಳಕು ಎಲ್ಲಿಂದ ಬಂತು? ಚಿತ್ರದ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಲ್ಲಿ ಹಿಡಿದು ಒಳಕ್ಕೆ ತಿರುಗಿಸಿದ್ದರು. ಸೂರ್ಯ ಯಾರಿಗಾಗಿಯೂ ನಿಲ್ಲುವವನಲ್ಲ. ಅವನು ಸರಿದಂತೆ ಕನ್ನಡಿಯನ್ನೂ ಸರಿಸಬೇಕು.

ಇದು ತಿಳಿದ ಮೇಲೆ, ಹೊಗೆ ತುಂಬಿಸಿ ಕಿಟಕಿಯಿಂದ ದೀಪ ಬಿಡುವ ದೃಶ್ಯಗಳು ನನಗೆ ಸುಲಭಕ್ಕೆ ಒಗ್ಗುವುದಿಲ್ಲ. (ಪಕ್ಕದಲ್ಲಿ ಕೂತು ಸಿನಿಮಾ ನೋಡುವವರಿಗೆ ನನ್ನ ಗೊಣಗಾಟ ಕಿರಿಕಿರಿಯೇ.) ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೂ ಹೌದು. ಅಷ್ಟು ಅಗಲದ ಚೌಕಟ್ಟಿನಲ್ಲಿ ಇಬ್ಬರನ್ನೇ ನಿಲ್ಲಿಸಿ ಮಿಕ್ಕ ಜಾಗವನ್ನು ಖಾಲಿ ಬಿಡುವುದಕ್ಕೆ ಎದೆಗಾರಿಕೆ ಬೇಕು. ಆ ಇಬ್ಬರ ನಡುವಿನ ದೂರವನ್ನು ಮಾತಿಗಿಂತ ಆ ಖಾಲಿ ಜಾಗವೇ ಚೆನ್ನಾಗಿ ಹೇಳುತ್ತದೆ.

ಹಾಗೆಂದು ಕಸುಬು ಬಲ್ಲವರು ಎಲ್ಲಕ್ಕೂ ಮಾಫಿ ಕೊಡಬೇಕಿಲ್ಲ. ದ್ವಿತೀಯಾರ್ಧ ಎಳೆಯುತ್ತದೆ, ಹಾಸ್ಯದ ದೃಶ್ಯಗಳು ತೇಪೆ ಹಾಕಿದಂತಿವೆ. ಬಿಡುಗಡೆಯಾದಾಗ ಚಿತ್ರ ಸೋತಿತು. ಆದರೂ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಬಂತು. ಮುಂದೆ ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.